ಸ್ಲೈಡ್ ಜಾಸ್ತಿ, ನಗು ಕಡಿಮೆ: ತಾಂತ್ರಿಕ ಭಾಷಣದಲ್ಲಿ ಹಾಸ್ಯ ಬಳಸುವುದು ಹೇಗೆ?

ಎರಡನೇ ಸ್ಲೈಡಿನಲ್ಲಿ ಒಂದು ಮೀಮ್. ಹನ್ನೊಂದನೆಯದರಲ್ಲಿ ವಾಟ್ಸಾಪಿನಿಂದ ಎತ್ತಿದ ಗಂಡ-ಹೆಂಡತಿ ಜೋಕು. ಕೊನೆಗೆ 'ಥ್ಯಾಂಕ್ ಯೂ' ಬೋರ್ಡು ಹಿಡಿದ ಬೆಕ್ಕಿನ ಮರಿ. ತಾಂತ್ರಿಕ ಭಾಷಣಕ್ಕೆ ಹಾಸ್ಯ ಸೇರಿಸುವುದು ಅಂದರೆ ಬಹಳ ಜನರಿಗೆ ಇಷ್ಟೇ. ಮುಂದಿನ ಸಾಲಿನವರು ಮರ್ಯಾದೆಗೆ ನಗುತ್ತಾರೆ. ಹಿಂದಿನ ಸಾಲಿನವರು ಆಗಲೇ ಮೊಬೈಲ್ ತೆಗೆದಿರುತ್ತಾರೆ.

ಹಾಗಂತ ಹಾಸ್ಯವನ್ನೇ ಬಿಡಬೇಕಾಗಿಲ್ಲ. "ನಾವು ಟೆಕ್ನಿಕಲ್ ಜನ ಸಾರ್, ನಮಗೆ ಅದೆಲ್ಲ ಬರಲ್ಲ" ಅನ್ನುವುದು ಸುಮ್ನೆ ನೆಪ. ಕನ್ನಡಿಗರಂತೂ ಈ ನೆಪ ಹೇಳುವ ಹಾಗೇ ಇಲ್ಲ. ಪ್ರಹಸನಗಳಿಂದ ನಾಡನ್ನು ನಗಿಸಿದ ಟಿ.ಪಿ. ಕೈಲಾಸಂ ಲಂಡನ್ನಿಗೆ ಹೋಗಿ ಓದಿದ್ದು ಭೂವಿಜ್ಞಾನ. 1942ರಲ್ಲಿ 'ಕೊರವಂಜಿ' ನಗೆಪತ್ರಿಕೆ ಶುರು ಮಾಡಿದ ರಾಶಿ, ಅಂದರೆ ಎಂ. ಶಿವರಾಂ, ವೃತ್ತಿಯಲ್ಲಿ ಡಾಕ್ಟರು. ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನದ ಪ್ರೊಫೆಸರ್. ಕಾಡಿನ ಗಿಡಗಳ ಬಗ್ಗೆ ಬರೆದರೆ ಓದುವವರು ನಗುತ್ತಿದ್ದರು, ಗಿಡದ ಗುರುತೂ ಹತ್ತುತ್ತಿತ್ತು.

ಸ್ವಾಮಿಯವರ ಗುಟ್ಟು ಅಲ್ಲೇ ಇದೆ. ನಗು ಒಂದು ಕಡೆ, ವಿಷಯ ಇನ್ನೊಂದು ಕಡೆ ಅಂತ ಅವರಲ್ಲಿ ಇರಲಿಲ್ಲ. ಯಕ್ಷಗಾನದ ಹಾಸ್ಯಗಾರನನ್ನು ನೋಡಿ. ಅವನು ಎಷ್ಟೋ ಸಲ ಬರುವುದು ದೂತನಾಗಿ. ಜನ ಹೊಟ್ಟೆ ಹಿಡಿದು ನಗುವಷ್ಟರಲ್ಲಿ ಓಲೆ ತಲುಪಿಸಿ ಕಥೆಯನ್ನು ಮುಂದಕ್ಕೆ ದಾಟಿಸಿರುತ್ತಾನೆ. ಅವನನ್ನು ತೆಗೆದರೆ ಪ್ರಸಂಗವೇ ನಿಲ್ಲುತ್ತದೆ. ನಿಮ್ಮ ಜೋಕಿಗೂ ಇದೇ ಪರೀಕ್ಷೆ ಇಡಿ. ಜೋಕು ತೆಗೆದರೂ ಭಾಷಣಕ್ಕೆ ಏನೂ ಆಗುವುದಿಲ್ಲ ಅಂದರೆ ಆ ಜೋಕು ಬೇಡ. ಜೋಕು ತೆಗೆದ ಕೂಡಲೇ ಒಂದು ತಾಂತ್ರಿಕ ವಿಷಯ ಅರ್ಥವಾಗದೆ ಉಳಿಯುತ್ತದೆ ಅಂದರೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಇನ್ನು ಕೆಲಸಕ್ಕೆ ಇಳಿಯೋಣ.

1. ಮೊದಲು ಜೋಕಿಲ್ಲದ ಭಾಷಣ ಬರೆಯಿರಿ

ಹಾಸ್ಯದಿಂದ ಶುರು ಮಾಡಬೇಡಿ. ವಿಷಯ ಏನು, ಕೇಳಿದವರು ಮನೆಗೆ ಯಾವ ಒಂದು ಸಂಗತಿ ಒಯ್ಯಬೇಕು, ಅದನ್ನು ಮೊದಲು ಗೊತ್ತು ಮಾಡಿಕೊಳ್ಳಿ.

ಇದಕ್ಕೆ ಒಳ್ಳೆಯ ಅಭ್ಯಾಸ ಇಗ್ ನೊಬೆಲ್ ಸಮಾರಂಭದಲ್ಲಿದೆ. ಜನರನ್ನು ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ, ಅಮೆರಿಕದಲ್ಲಿ 1991ರಲ್ಲಿ ಶುರುವಾದ ಬಹುಮಾನ ಅದು. ಅಲ್ಲಿ '24/7' ಅಂತ ಪುಟ್ಟ ಭಾಷಣಗಳಿರುತ್ತವೆ. ವಿಜ್ಞಾನಿ ತನ್ನ ವಿಷಯವನ್ನು 24 ಸೆಕೆಂಡಿನಲ್ಲಿ ಪೂರ್ತಿ ತಾಂತ್ರಿಕವಾಗಿ ಹೇಳಬೇಕು. ಆಮೇಲೆ ಯಾರಿಗೂ ಅರ್ಥವಾಗುವ ಹಾಗೆ 7 ಪದಗಳಲ್ಲಿ ಹೇಳಬೇಕು. ಎರಡರ ನಡುವಿನ ಆ ಜಿಗಿತಕ್ಕೇ ಜನ ನಗುತ್ತಾರೆ.

ನೀವೂ ಕೂತು 7 ಪದ ಬರೆಯಿರಿ. ಬ್ಯಾಕಪ್ ಬಗ್ಗೆ ಮಾತಾಡಬೇಕಿದ್ದರೆ: "ಬ್ಯಾಕಪ್ ಇತ್ತು. ರಿಸ್ಟೋರ್ ಆಗುತ್ತಾ ಅಂತ ಯಾರೂ ನೋಡಿರಲಿಲ್ಲ." ಕ್ಯಾಶ್ (cache, ಒಮ್ಮೆ ತಂದ ಡೇಟಾವನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುವ ಏರ್ಪಾಡು) ಬಗ್ಗೆಯಾದರೆ: "ಒಮ್ಮೆ ಕೇಳಿದ್ದನ್ನು ನೆನಪಿಟ್ಟುಕೊಳ್ಳೋದು. ಬದಲಾದರೆ ಮಾತ್ರ ಅದಕ್ಕೆ ಗೊತ್ತಾಗಲ್ಲ." ಇಷ್ಟು ಹೊರಟರೆ ನಿಮ್ಮ ಭಾಷಣಕ್ಕೆ ಬೆನ್ನುಮೂಳೆ ಸಿಕ್ಕಿತು. ಮೊದಲ ನಗುವೂ ಅಲ್ಲೇ ಕೂತಿರುತ್ತದೆ.

ಈಗ ಭಾಷಣವನ್ನು ಒಮ್ಮೆ ಓದಿ, ಕೇಳುಗರು ಎಲ್ಲಿ ಜಾರುತ್ತಾರೆ ಅಂತ ಗುರುತು ಹಾಕಿ. ಸಾಮಾನ್ಯವಾಗಿ ಮೂರು ಜಾಗ: ವ್ಯಾಖ್ಯೆಗಳ ರಾಶಿ ಮುಗಿದ ಮೇಲೆ, ಅಂಕಿಅಂಶದ ಕೋಷ್ಟಕದ ಹತ್ತಿರ, ಮತ್ತೆ ಡೆಮೊಗೆ ಮುಂಚೆ. ಹಾಸ್ಯ ಬೇಕಾಗಿರುವುದು ಆ ಜಾಗಗಳಲ್ಲಿ. ಇಪ್ಪತ್ತು ನಿಮಿಷದ ಮಾತಿಗೆ ಇಂಥ ಎರಡು ಮೂರು ಕಡೆ ಸಾಕು. ಹೆಜ್ಜೆಗೊಂದು ಜೋಕು ಹಾಕಿದರೆ ಜನ ಮುಂದಿನ ಜೋಕಿಗೆ ಕಾಯುತ್ತಾ ವಿಷಯ ಬಿಟ್ಟುಬಿಡುತ್ತಾರೆ.

2. ಸರಕು ಕೆಲಸದ ಜಾಗದಲ್ಲೇ ಇದೆ

ನಗೆಹನಿ ಹುಡುಕಲು ಇಂಟರ್ನೆಟ್ಟಿಗೆ ಹೋಗಬೇಡಿ. ನೀವು ದಿನಾ ಕೂರುವ ಜಾಗದಲ್ಲೇ ಬೇಕಾದಷ್ಟಿದೆ. 'ಫೈನಲ್', 'ಫೈನಲ್ 2', 'ಇದೇ ಫೈನಲ್' ಅಂತ ಹೆಸರಿಟ್ಟ ಫೈಲುಗಳು. "ಇದು ಯಾಕೆ ಕೆಲಸ ಮಾಡುತ್ತೋ ಗೊತ್ತಿಲ್ಲ, ದಯವಿಟ್ಟು ಮುಟ್ಟಬೇಡಿ" ಅಂತ ಕೋಡಿನ ನಡುವೆ ಯಾರೋ ಬರೆದಿಟ್ಟ ಕಾಮೆಂಟು. ನಕ್ಷೆಯಲ್ಲಿ ಪಿಲ್ಲರ್ ಬರಬೇಕಾದ ಜಾಗಕ್ಕೆ ಹೋಗಿ ನೋಡಿದರೆ ಸೈಟಿನಲ್ಲಿ ನಾಗರಕಟ್ಟೆ. 'ಯಾವುದೇ ದೋಷವಿಲ್ಲದೆ ವಿಫಲವಾಗಿದೆ' ಅನ್ನುವಂಥ ಎರರ್ ಮೆಸೇಜು. ಒಂದು ನೋಟ್ಸ್ ಫೈಲ್ ಇಟ್ಟುಕೊಂಡು ಕಂಡಾಗ ಕಂಡಾಗ ಬರೆದಿಡಿ. ಭಾಷಣದ ಹಿಂದಿನ ರಾತ್ರಿ ನೆನಪು ಮಾಡಿಕೊಳ್ಳಲು ಕೂತರೆ ಒಂದೂ ಬರುವುದಿಲ್ಲ.

ತಂತ್ರಜ್ಞಾನದ ಚರಿತ್ರೆಯಲ್ಲೂ ಸರಕಿದೆ. ನನಗೆ ತುಂಬಾ ಇಷ್ಟವಾದದ್ದು ಪಾರಿವಾಳದ ಕಥೆ. ಇಂಟರ್ನೆಟ್ಟಿನ ನಿಯಮಗಳನ್ನು ಆರ್‌ಎಫ್‌ಸಿ ಅನ್ನುವ ದಾಖಲೆಗಳಲ್ಲಿ ಬರೆಯುತ್ತಾರೆ. 1990ರ ಏಪ್ರಿಲ್ 1ರಂದು ಬಂದ 1149ನೇ ಆರ್‌ಎಫ್‌ಸಿ, ಪಾರಿವಾಳದ ಕಾಲಿಗೆ ಕಟ್ಟಿ ಡೇಟಾ ಕಳಿಸುವುದು ಹೇಗೆ ಅಂತ ಬಹಳ ಗಂಭೀರವಾಗಿ ವಿವರಿಸಿತು. ಏಪ್ರಿಲ್ ಫೂಲ್ ತಮಾಷೆ ಅಷ್ಟೇ. ಆದರೆ 2001ರಲ್ಲಿ ನಾರ್ವೆಯ ಬರ್ಗೆನ್ ಊರಿನ ಲಿನಕ್ಸ್ ಗೆಳೆಯರು ಅದನ್ನು ನಿಜವಾಗಿಯೂ ಮಾಡಿಬಿಟ್ಟರು. 9 ಪ್ಯಾಕೆಟ್, ಅಂದರೆ ಡೇಟಾದ ತುಂಡು, ಕಳಿಸಿದರು. 4ಕ್ಕೆ ಉತ್ತರ ಬಂತು. ಅತಿ ಬೇಗ ಬಂದದ್ದಕ್ಕೇ 53 ನಿಮಿಷ ಹಿಡಿದಿತ್ತು. ಪ್ಯಾಕೆಟ್ ನಷ್ಟ 55%.

ಇದನ್ನು ಹೇಳುವಾಗ ನೀವು ನಗಬಾರದು. ನೆಟ್‌ವರ್ಕ್ ವರದಿ ಓದುವ ದನಿಯಲ್ಲೇ ಓದಿ. '53 ನಿಮಿಷ' ಅನ್ನುವಲ್ಲಿ ನಗು ಬರುತ್ತದೆ, 'ಸುಮಾರು ಒಂದು ಗಂಟೆ' ಅಂದರೆ ಬರುವುದಿಲ್ಲ. ಖಚಿತ ಅಂಕಿಗೆ ಈ ಶಕ್ತಿ ಇದೆ, ಅಂಕಿ ನಮ್ಮ ಕೈಯಲ್ಲಿ ಯಾವಾಗಲೂ ಇರುತ್ತದೆ. ನಕ್ಕು ಮುಗಿಸುವಷ್ಟರಲ್ಲಿ ಕೇಳುಗರಿಗೆ ವಿಳಂಬ ಅಂದರೇನು, ಪ್ಯಾಕೆಟ್ ನಷ್ಟ ಅಂದರೇನು ಅಂತ ಗೊತ್ತಾಗಿರುತ್ತದೆ. ಪಾರಿವಾಳದ ಕಾಲಿಗೆ ಪೆನ್‌ಡ್ರೈವ್ ಕಟ್ಟಿದರೆ ಏನಾಗುತ್ತದೆ ಅಂತ ಕೇಳಿ. ವಿಳಂಬ ಜಾಸ್ತಿಯಿದ್ದರೂ ಒಟ್ಟು ಸಾಗಣೆ ಜಾಸ್ತಿ ಇರಬಹುದು ಅನ್ನುವ ಪಾಠವೂ ಅಲ್ಲೇ ಮುಗಿಯುತ್ತದೆ.

ಹಳೆ ಕಥೆ ಬಳಸುವಾಗ ಒಂದು ಎಚ್ಚರ. ತಪ್ಪಾಗಿ ಹೇಳಿದರೆ ಸಭೆಯಲ್ಲಿರುವ ಯಾರೋ ಒಬ್ಬರು ಕೈ ಎತ್ತುತ್ತಾರೆ, ನಗು ನಿಮ್ಮ ಮೇಲೆ ತಿರುಗುತ್ತದೆ. ಪತಂಗದ ಕಥೆಯೇ ಇದಕ್ಕೆ ಸಾಕ್ಷಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ ಒಂದು ಪತಂಗ ಸಿಕ್ಕಿತು. ಎಂಜಿನಿಯರುಗಳು ಅದನ್ನು ಲಾಗ್ ಪುಸ್ತಕಕ್ಕೆ ಅಂಟಿಸಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಅಂತ ಬರೆದರು. ಬಗ್ ಅಂದರೆ ಹುಳ. ಯಂತ್ರದ ದೋಷಕ್ಕೆ 'ಬಗ್' ಅನ್ನುವ ಮಾತು ಹುಟ್ಟಿದ್ದೇ ಆವತ್ತು ಅಂತ ಎಷ್ಟೋ ಜನ ಹೇಳುತ್ತಾರೆ. ಅಲ್ಲ. ಥಾಮಸ್ ಎಡಿಸನ್ 1878ರ ಪತ್ರದಲ್ಲೇ ಆ ಮಾತು ಬಳಸಿದ್ದ. ಮೊದಲೇ ಬಳಕೆಯಲ್ಲಿ ಇದ್ದದ್ದಕ್ಕೇ ಪುಸ್ತಕದಲ್ಲಿ ಬರೆದ ಆ ಸಾಲು ತಮಾಷೆಯಾಗಿದೆ, ಅಲ್ವಾ?

3. ದೂರದ ವಿಷಯವನ್ನು ಮನೆ ಬಾಗಿಲಿಗೆ ತನ್ನಿ

ಒಂದು ಪೂರ್ತಿ ಉದಾಹರಣೆ ಕಟ್ಟಿ ನೋಡೋಣ. ನೀವು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮಾತಾಡಬೇಕು. ವಿಷಯ: ಎರಡು ಸಾಫ್ಟ್‌ವೇರುಗಳ ನಡುವೆ ಡೇಟಾ ಹೋಗುವಾಗ ಅದರ ಅಳತೆಯ ಮಾನವನ್ನೂ ಬರೆಯಬೇಕು. ಕೇಳಿದರೇ ನಿದ್ದೆ ಬರುತ್ತದೆ.

ಎಲ್ಲರೂ ಕೊಡುವ ಉದಾಹರಣೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. 1999ರ ಸೆಪ್ಟೆಂಬರ್ 23ರಂದು ಮಂಗಳನ ಹತ್ತಿರ ಕಳೆದುಹೋದ ನೌಕೆ ಅದು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಲೆಕ್ಕವನ್ನು ಪೌಂಡ್-ಫೋರ್ಸ್ ಸೆಕೆಂಡುಗಳಲ್ಲಿ ಕೊಟ್ಟಿತು. ಅದನ್ನು ಬಳಸುವವರು ನ್ಯೂಟನ್-ಸೆಕೆಂಡು ಅಂದುಕೊಂಡರು. ಒಂದು ಪೌಂಡ್-ಫೋರ್ಸ್ ಅಂದರೆ ಸುಮಾರು 4.45 ನ್ಯೂಟನ್. ನೌಕೆ ಇರಬೇಕಾದ ಎತ್ತರಕ್ಕಿಂತ ತುಂಬಾ ಕೆಳಗೆ ಹೋಯಿತು.

ಒಳ್ಳೆಯ ಕಥೆ. ಆದರೆ ಪೌಂಡ್-ಫೋರ್ಸ್ ಅಂದರೆ ಹುಡುಗರಿಗೆ ಏನೂ ಅನ್ನಿಸುವುದಿಲ್ಲ. ಜಾಗದ ಅಳತೆ ಅಂದರೆ ಅನ್ನಿಸುತ್ತದೆ. ದಕ್ಷಿಣ ಕನ್ನಡದಲ್ಲಿ ಜಾಗವನ್ನು ಸೆಂಟ್ಸ್‌ನಲ್ಲಿ ಹೇಳುತ್ತಾರೆ, ಹಳೆ ಮೈಸೂರಿನ ಕಡೆ ಗುಂಟೆಯಲ್ಲಿ. ಎಕರೆಗೆ 100 ಸೆಂಟ್ಸ್, ಎಕರೆಗೆ 40 ಗುಂಟೆ. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಈಗ ನಾಸಾಗೆ ಹೋಗುವ ಮುಂಚೆ ಹೀಗೆ ಹೇಳಿ:

"ಮಾರುವವರು ಪುತ್ತೂರಿನವರು. ಕೊಳ್ಳುವವರು ಮಂಡ್ಯದವರು. ಮಾತುಕತೆ ಎಲ್ಲಾ ಫೋನಿನಲ್ಲೇ. ಜಾಗ ಎಷ್ಟಿದೆ ಅಂತ ಇವರು ಕೇಳಿದರು. ಹತ್ತು ಅಂತ ಅವರು ಹೇಳಿದರು. ಇವರೂ ಹತ್ತು ಅಂತಲೇ ಬರೆದುಕೊಂಡರು. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರೂ ತಪ್ಪು ಕೇಳಿಸಿಕೊಳ್ಳಲಿಲ್ಲ. ಹೋಗಿ ಅಳೆದರೆ ಇದ್ದದ್ದು ನಾಲ್ಕು."

ಇಲ್ಲಿ ಸುಮ್ಮನಾಗಿ. ಲೆಕ್ಕ ಹಾಕುವವರು ಮೊದಲು ನಗುತ್ತಾರೆ, ಪಕ್ಕದವರಿಗೆ ಹೇಳುತ್ತಾರೆ, ಆಮೇಲೆ ಅವರೂ ನಗುತ್ತಾರೆ. ನಗು ಇಳಿದ ಮೇಲೆ, "ನಾಸಾದವರು ಇದನ್ನೇ ಮಂಗಳ ಗ್ರಹದಲ್ಲಿ ಮಾಡಿದರು" ಅಂದು ಮುಂದಿನ ಸ್ಲೈಡಿಗೆ ಹೋಗಿ. ಇನ್ನು ಪೌಂಡ್-ಫೋರ್ಸ್ ಅಂದರೂ ಯಾರೂ ಹೆದರುವುದಿಲ್ಲ. 'ಸಂಖ್ಯೆ ಸರಿ ಇತ್ತು, ಮಾನ ಜೊತೆಗಿರಲಿಲ್ಲ' ಅನ್ನುವುದು ಅವರಿಗೆ ಆಗಲೇ ಗೊತ್ತು.

ಜೋಕಿನ ಒಳಗಿನ ಲೆಕ್ಕ ಸರಿ ಇರಲೇಬೇಕು ಅನ್ನುವುದನ್ನೂ ಗಮನಿಸಿ. ಹತ್ತು ಸೆಂಟ್ಸ್ ಅಂದರೆ ಸರಿಯಾಗಿ ನಾಲ್ಕು ಗುಂಟೆ. ಅಲ್ಲಿ 'ಮೂರು' ಅಂದಿದ್ದರೆ ಎಂಜಿನಿಯರುಗಳ ಸಭೆ ನಗುವ ಬದಲು ತಿದ್ದಲು ಕೂರುತ್ತಿತ್ತು. ಕೇಳುವವರು ಬೇರೆಯಾದರೆ ಕಥೆಯೂ ಬದಲಾಗಬೇಕು. ಅಮೆರಿಕದಲ್ಲಿರುವ ಕನ್ನಡಿಗರ ಮುಂದೆ ಹುರಿಯುವ ಬಿಸಿಲನ್ನು ಸೆಲ್ಸಿಯಸ್‌ನಲ್ಲೂ ಫ್ಯಾರನ್‌ಹೀಟ್‌ನಲ್ಲೂ ಹೇಳಿ ನೋಡಿ, ಊರಿಗೆ ಫೋನ್ ಮಾಡಿ '104' ಅಂದಾಗ ಅಮ್ಮ ಗಾಬರಿಯಾಗಿ ಡಾಕ್ಟರ ಹತ್ತಿರ ಹೋಗು ಅನ್ನುವುದು ಅವರಿಗೆ ಹತ್ತಿರದ ವಿಷಯ.

4. ನಗೆಯ ಪದ ವಾಕ್ಯದ ಕೊನೆಯಲ್ಲಿರಲಿ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇದರಿಂದ ಒಂದು ತೊಂದರೆ. ನಗಿಸುವ ಪದ ವಾಕ್ಯದ ನಡುವೆ ಸಿಕ್ಕಿಕೊಂಡು, ಅದರ ಮೇಲೆ 'ಮಾಡುತ್ತಿದ್ದದ್ದರಿಂದ ಆಗುತ್ತಿತ್ತು' ಅಂತ ಉದ್ದದ ಬಾಲ ಬಿದ್ದು ನಗು ಸತ್ತುಹೋಗುತ್ತದೆ. ಹೀಗೆ:

"ವಾಚ್‌ಮನ್ ದಿನಾ ರಾತ್ರಿ ಮೊಬೈಲ್ ಚಾರ್ಜ್ ಮಾಡೋಕೆ ರೂಟರಿನ ಪ್ಲಗ್ ತೆಗೀತಿದ್ದ ಕಾರಣ 11 ಗಂಟೆಗೆ ನೆಟ್‌ವರ್ಕ್ ಹೋಗುತ್ತಿತ್ತು."

ಮಾಹಿತಿ ಪೂರ್ತಿ ಇದೆ. ನಗು ಮಾತ್ರ ಇಲ್ಲ. ಕಾರಣವನ್ನು ಮೊದಲೇ ಹೇಳಿದ್ದೀರಿ. ಇದನ್ನೇ ಬಿಡಿಸಿ:

"ರಾತ್ರಿ 11ಕ್ಕೆ ಸರಿಯಾಗಿ ನೆಟ್‌ವರ್ಕ್ ಹೋಗೋದು. ಬೆಳಗ್ಗೆ 6ಕ್ಕೆ ಬರೋದು. ಫರ್ಮ್‌ವೇರ್ ಬದಲಿಸಿದರು. ಕೇಬಲ್ ಬದಲಿಸಿದರು. ವೆಂಡರ್‌ಗೆ ಟಿಕೆಟ್ ಹಾಕಿದರು. ಕೊನೆಗೆ ಒಂದು ರಾತ್ರಿ ಅಲ್ಲೇ ಕಾದು ಕೂತರು. 11 ಗಂಟೆಗೆ ವಾಚ್‌ಮನ್ ಬಂದ. ರೂಟರಿನ ಪ್ಲಗ್ ಕಿತ್ತ. ಅಲ್ಲಿಗೆ ಹಾಕಿದ್ದು ಮೊಬೈಲ್ ಚಾರ್ಜರ್."

'ಹಾಕಿದ್ದು', 'ಇದ್ದದ್ದು', 'ಕಂಡಿದ್ದು' ಅಂತ ಕ್ರಿಯೆಯನ್ನು ಮುಂದಕ್ಕೆ ತಂದರೆ ಅಚ್ಚರಿಯ ಪದ ತಾನಾಗಿ ಕೊನೆಗೆ ಬಂದು ಕೂರುತ್ತದೆ. ಜಾಗದ ಕಥೆಯಲ್ಲಿ 'ಇದ್ದದ್ದು ನಾಲ್ಕು' ಅಂದದ್ದೂ ಇದಕ್ಕೇ. ಅಚ್ಚರಿಯ ಪದದ ನಂತರ ಒಂದಕ್ಷರವೂ ಬೇಡ. 'ಅಂತ ಗೊತ್ತಾಯ್ತು ನೋಡಿ' ಅನ್ನುವುದೂ ಬೇಡ. ನಾವು ಎಲ್ಲವನ್ನೂ ವಿವರಿಸುವ ಅಭ್ಯಾಸದವರು, ಇಲ್ಲಿ ಬಾಯಿ ಮುಚ್ಚಿಕೊಳ್ಳುವುದು ಬಹಳ ಕಷ್ಟ.

5. ನಗು ಯಾರ ಮೇಲೆ?

ಮೇಲಿನ ಕಥೆಯನ್ನೇ ತೆಗೆದುಕೊಳ್ಳಿ. ಹಾಗೇ ಬಿಟ್ಟರೆ ಜನ ನಕ್ಕಿದ್ದು ವಾಚ್‌ಮನ್ ಮೇಲೆ. ಅದು ಸರಿಯಲ್ಲ. ನಗು ಇಳಿದ ಮೇಲೆ ಇನ್ನೊಂದು ಸಾಲು ಸೇರಿಸಿ: "ಇಡೀ ಕಟ್ಟಡದಲ್ಲಿ ಅವನಿಗೆ ಅಂತ ಒಂದು ಸಾಕೆಟ್ ಇರಲಿಲ್ಲ. ಪ್ಲಾನ್ ಹಾಕಿದ್ದು ಎಂಜಿನಿಯರುಗಳೇ." ಈಗ ನಗು ತಿರುಗಿತು. ಪಾಠವೂ ದೊಡ್ಡದಾಯಿತು. ಬಳಸುವವರ ಅಗತ್ಯ ಕೇಳದೆ ಮಾಡಿದ ಡಿಸೈನಿಗೆ ಅವರೇ ಒಂದು ದಾರಿ ಹುಡುಕಿಕೊಳ್ಳುತ್ತಾರೆ.

ತಾಂತ್ರಿಕ ಸಭೆಯಲ್ಲಿ ನಗೆಗೆ ಗುರಿಯಾಗಲು ಯೋಗ್ಯರು ಮೂವರೇ: ಯಂತ್ರ, ವ್ಯವಸ್ಥೆ, ನೀವು. ಜೂನಿಯರ್ ಬೇಡ. ಬಳಕೆದಾರ ಬೇಡ. 'ಟೆಸ್ಟಿಂಗ್ ಟೀಮಿನವರು' ಅಂತ ಪಕ್ಕದ ವಿಭಾಗವನ್ನು ಎಳೆಯುವುದೂ ಬೇಡ, ಅವರು ಮೂರನೇ ಸಾಲಿನಲ್ಲೇ ಕೂತಿರುತ್ತಾರೆ. ಜಾತಿ, ಮೈಬಣ್ಣ, ಹೆಂಗಸರ ಡ್ರೈವಿಂಗು, ಇವೆಲ್ಲ ಬೇಡ ಅಂತ 2000ದ ನಂತರ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ವಯಸ್ಸಿನವರಿಗೆ ಹೇಳಬೇಕಾಗುತ್ತದೆ. ಬೆಂಗಳೂರಿನವರು ಧಾರವಾಡದ ಮಾತನ್ನೋ ಮಂಗಳೂರಿನ ಮಾತನ್ನೋ ಅಣಕಿಸಿ ನಗಿಸಲು ಹೋಗುವುದೂ ಇದೇ ಪಟ್ಟಿಗೆ ಸೇರಲಿ. ನಿಮ್ಮದು ಧಾರವಾಡವಾದರೆ ಧಾರವಾಡದ ಮಾತಿನಲ್ಲೇ ಇಡೀ ಭಾಷಣ ಮಾಡಿ, ಅದರ ಸೊಗಸೇ ಬೇರೆ.

ನಿಮ್ಮನ್ನು ನೀವೇ ಹಾಸ್ಯ ಮಾಡಿಕೊಳ್ಳುವುದಕ್ಕೂ ಮಿತಿ ಇದೆ. "ಸೆಮಿಕೋಲನ್ ಒಂದಕ್ಕೆ ಇಡೀ ಮಧ್ಯಾಹ್ನ ಹೋಯ್ತು" ಅನ್ನಬಹುದು. "ನನಗೆ ಈ ವಿಷಯ ಅಷ್ಟೇನೂ ಗೊತ್ತಿಲ್ಲ, ಹೆ ಹೆ" ಅನ್ನಬಾರದು. ಹಾಗಾದರೆ ನಾವ್ಯಾಕೆ ಕೂತಿದ್ದೀವಿ ಅಂತ ಸಭೆ ಕೇಳುತ್ತದೆ. ಕಟ್ಟಡದ ಭದ್ರತೆ, ಔಷಧಿಯ ಪ್ರಮಾಣ, ವಿದ್ಯುತ್ ಸುರಕ್ಷತೆ ನಿಮ್ಮ ಕ್ಷೇತ್ರವಾದರೆ ಆ ಕೆಲಸದ ಬಗ್ಗೆ ಅನುಮಾನ ಹುಟ್ಟಿಸುವ ತಮಾಷೆ ಒಂದೂ ಬೇಡ.

ದುರಂತಗಳ ವಿಷಯಕ್ಕೆ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೇಲೇರಿ ಒಂದು ನಿಮಿಷವೂ ಆಗದೆ ಸಿಡಿಯಿತು. 64 ಬಿಟ್ ಸಂಖ್ಯೆಯನ್ನು 16 ಬಿಟ್ ಜಾಗಕ್ಕೆ ತುರುಕಲು ಹೋಗಿದ್ದರು. ಅದರಲ್ಲಿ ಜನರಿರಲಿಲ್ಲ. ಅದನ್ನು ತಮಾಷೆಯಾಗಿ ಹೇಳಬಹುದು. ಥೆರಾಕ್-25 ಅನ್ನುವ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಸಾಫ್ಟ್‌ವೇರ್ ದೋಷದಿಂದ ಕನಿಷ್ಠ 6 ರೋಗಿಗಳಿಗೆ ವಿಪರೀತ ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಅದನ್ನು ಹೇಳುವಾಗ ದನಿ ಇಳಿಸಿ, ನಗುವಿಗೆ ಜಾಗವೇ ಇಲ್ಲದ ಹಾಗೆ ಹೇಳಿ. ಅದಕ್ಕೆ ಮುಂಚಿನ ಐದು ನಿಮಿಷದಲ್ಲೂ ಜೋಕು ಇಡಬೇಡಿ.

6. ಭಾಷೆ ಬದಲಾಗುವ ಜಾಗದಲ್ಲಿ ನಗು ಇದೆ

ನಮ್ಮ ತಾಂತ್ರಿಕ ಮಾತು ಹೇಗೂ ಅರ್ಧ ಇಂಗ್ಲಿಷು. ಅದಕ್ಕೆ ನಾಚಿಕೆ ಬೇಡ. ಕೈಲಾಸಂ ನಾಟಕಗಳಲ್ಲಿ ಕನ್ನಡ ಇಂಗ್ಲಿಷ್ ಬೆರೆತ ಮಾತಿಗೇ ಜನ ನಗುತ್ತಿದ್ದರು. "ಲೋಡ್ ಬ್ಯಾಲೆನ್ಸರ್ ಹೈ ಅವೈಲಬಿಲಿಟಿ ಮೋಡ್‌ನಲ್ಲಿ ಕಾನ್ಫಿಗರ್ ಆಗಿತ್ತು" ಅಂತ ಗಂಭೀರವಾಗಿ ಹೇಳಿ, ಒಂದು ಕ್ಷಣ ಬಿಟ್ಟು, "ಆದ್ರೂ ಮಲಗ್ಬಿಡ್ತು" ಅನ್ನಿ. ಅಷ್ಟೇ. (ಹೈ ಅವೈಲಬಿಲಿಟಿ ಅಂದರೆ ಯಾವಾಗಲೂ ನಿಲ್ಲದೆ ನಡೆಯಬೇಕಾದ ಏರ್ಪಾಡು.) ಸಭೆಯಲ್ಲಿ ಅರ್ಧ ಜನಕ್ಕೆ ಕನ್ನಡ ಬಾರದಿದ್ದರೆ ಈ ಬಗೆಯ ನಗು ಬಿಟ್ಟುಬಿಡಿ. ಪಕ್ಕದವರು ನಗುವಾಗ ಯಾಕೆ ಅಂತ ಗೊತ್ತಾಗದೆ ಕೂರುವುದು ಯಾರಿಗೂ ಇಷ್ಟವಾಗುವುದಿಲ್ಲ. ಅಂಥ ಕಡೆ ಚಿತ್ರ, ಅಂಕಿ, ಡೆಮೊ ಕೈಹಿಡಿಯುತ್ತವೆ.

7. ಪರದೆಯಲ್ಲಿ ಕಾಣುವುದು, ಕೈಯಲ್ಲಿ ಹಿಡಿಯುವುದು

ಸ್ಲೈಡಿನಲ್ಲಿ ನಗೆಯ ಸಾಲನ್ನು ಬರೆಯಲೇಬೇಡಿ. ನೀವು ಹೇಳುವ ಮುಂಚೆ ಜನ ಓದಿಬಿಡುತ್ತಾರೆ. ಕಥೆ ಹೇಳುವಾಗ ಪರದೆ ಖಾಲಿ ಇರಲಿ. ಪವರ್‌ಪಾಯಿಂಟಿನಲ್ಲಿ ಸ್ಲೈಡ್ ಶೋ ನಡೆಯುವಾಗ ಬಿ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ವಾಪಸ್.

ಲೈವ್ ಡೆಮೊ ಗೊತ್ತಿರುವವರಿಗೆ ಅದಕ್ಕಿಂತ ಒಳ್ಳೆಯ ಹಾಸ್ಯದ ಸಾಧನ ಇಲ್ಲ. 2012ರಲ್ಲಿ ಗ್ಯಾರಿ ಬರ್ನ್‌ಹಾರ್ಟ್ ಅನ್ನುವ ಪ್ರೋಗ್ರಾಮರ್ ಐದು ನಿಮಿಷವೂ ಇಲ್ಲದ ಒಂದು ಭಾಷಣ ಮಾಡಿದರು. ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಖಾಲಿ ಅರೇಗೆ (ಪಟ್ಟಿಗೆ) ಖಾಲಿ ಅರೇ ಕೂಡಿಸಿದರೆ ಏನು ಬರಬೇಕು ಅಂತ ಸಭೆಯನ್ನೇ ಕೇಳಿದರು. ಎಂಟರ್ ಒತ್ತಿದರು. ಬಂದದ್ದು ಖಾಲಿ ಸ್ಟ್ರಿಂಗ್, ಅಂದರೆ ಒಂದಕ್ಷರವೂ ಇಲ್ಲದ ಪಠ್ಯ. ಅರೇಗೆ ಆಬ್ಜೆಕ್ಟ್ ಕೂಡಿಸಿದರು, ಇನ್ನೇನೋ ಬಂತು. ಸಭೆ ಬಿದ್ದು ಬಿದ್ದು ನಕ್ಕಿತು. ಅವರು ಸ್ವಂತವಾಗಿ ಏನನ್ನೂ ಹುಟ್ಟಿಸಲಿಲ್ಲ. ಭಾಷೆ ಇದ್ದ ಹಾಗೇ ತೋರಿಸಿದರು. ಕೇಳುವುದು, ಊಹಿಸಲು ಬಿಡುವುದು, ಎಂಟರ್ ಒತ್ತುವುದು, ಸುಮ್ಮನಿರುವುದು. ಈ ನಾಲ್ಕನ್ನು ನಿಮ್ಮ ಯಾವ ಡೆಮೊಗೂ ಹಚ್ಚಬಹುದು.

ಇನ್ನೊಂದು ದಾರಿ ವಸ್ತು. ಅಮೆರಿಕದ ನೌಕಾಪಡೆಯ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಭಾಷಣಕ್ಕೆ ಹೋದಲ್ಲೆಲ್ಲಾ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಅಷ್ಟು ದೂರ ಹೋಗುತ್ತದೆ. ಮೈಕ್ರೋಸೆಕೆಂಡ್ ಬೇಕು ಅಂದರೆ ಸುಮಾರು 300 ಮೀಟರ್ ತಂತಿಯ ಸುರುಳಿಯನ್ನೇ ಎತ್ತಿ ತೋರಿಸುತ್ತಿದ್ದರು. ಉಪಗ್ರಹದಿಂದ ಸಂದೇಶ ಬರಲು ಯಾಕಿಷ್ಟು ತಡ ಅಂತ ಅಡ್ಮಿರಲ್ ಕೇಳಿದರೆ, ಇಲ್ಲಿಂದ ಅಲ್ಲಿಗೆ ಇಂಥ ನ್ಯಾನೋಸೆಕೆಂಡು ತುಂಬಾ ಇವೆ ಅನ್ನುವುದು ಅವರ ಉತ್ತರ. ತಂತಿಗೆ ಖರ್ಚು ಎಷ್ಟು? ಏನೂ ಇಲ್ಲ.

8. ಮುಖ ಗಂಭೀರವಾಗಿರಲಿ

"ಈಗ ಒಂದು ಜೋಕ್ ಹೇಳ್ತೀನಿ" ಅನ್ನಬೇಡಿ. ಹಾಗೆ ಅಂದ ಕೂಡಲೇ ಸಭೆ ಪರೀಕ್ಷಕರ ಹಾಗೆ ಕೂರುತ್ತದೆ. ನೀವೇ ಮೊದಲು ನಗಬೇಡಿ.

ಇದರಲ್ಲಿ ಬೆಂಗಳೂರಿಗೇ ಒಂದು ಮಾದರಿ ಇದೆ. ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ಹದಿಹರೆಯದ ಮಕ್ಕಳಲ್ಲಿ ಮೂಗಿಗೆ ಬೆರಳು ಹಾಕುವ ಅಭ್ಯಾಸ ಎಷ್ಟಿದೆ ಅಂತ ಬೆಂಗಳೂರಿನ 200 ಮಕ್ಕಳನ್ನು ಅಧ್ಯಯನ ಮಾಡಿದರು. ಹೆಚ್ಚುಕಡಿಮೆ ಎಲ್ಲರಿಗೂ ಇತ್ತು. 2001ರ ಇಗ್ ನೊಬೆಲ್ ಬಹುಮಾನ ಬಂತು. ವೇದಿಕೆಯಲ್ಲಿ ಅಂದ್ರಾದೆ ಹೇಳಿದ ಮಾತಿನ ಸಾರ ಇದು: ಕೆಲವರು ಬೇರೆಯವರ ವ್ಯವಹಾರದಲ್ಲಿ ಮೂಗು ತೂರಿಸುತ್ತಾರೆ, ನಾನು ಬೇರೆಯವರ ಮೂಗಿನಲ್ಲಿ ನನ್ನ ವ್ಯವಹಾರ ತೂರಿಸಿದೆ. ಎರಡೇ ವಾಕ್ಯ. ವಿಷಯ ಬಿಟ್ಟು ಆಚೀಚೆ ಹೋಗಲಿಲ್ಲ.

ನಗು ಬಂದರೆ ಅದು ಇಳಿಯುವವರೆಗೆ ಕಾಯಿರಿ. ನಗುವಿನ ಮೇಲೆ ಮಾತಾಡಿದರೆ ಮುಂದಿನ ತಾಂತ್ರಿಕ ವಾಕ್ಯ ಯಾರಿಗೂ ಕೇಳಿಸುವುದಿಲ್ಲ. ನಗು ಬರಲಿಲ್ಲವೇ? ಏನೂ ಆಗದ ಹಾಗೆ ಮುಂದೆ ಹೋಗಿ. ವಿಷಯ ಹೊತ್ತ ಜೋಕಿನ ಲಾಭ ಇದೇ. ಜನ ನಗದಿದ್ದರೂ ಪುತ್ತೂರು-ಮಂಡ್ಯದ ಕಥೆ ಒಂದು ಉದಾಹರಣೆಯಾಗಿ ಉಳಿಯುತ್ತದೆ. "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ.

ಆನ್‌ಲೈನ್ ಮೀಟಿಂಗಿನಲ್ಲಿ ಎಲ್ಲರೂ ಮ್ಯೂಟ್. ಅಲ್ಲಿ ಕಾಯುವುದು ಬೇಡ. ಕಥೆ ಚಿಕ್ಕದಿರಲಿ, ಹೇಳಿ ದಾಟಿಬಿಡಿ. ಚಾಟಿನಲ್ಲಿ ಊಹೆ ಬರೆಯಲು ಹೇಳಿದರೆ ಕೇಳುಗರೇ ಅರ್ಧ ಹಾಸ್ಯ ಮಾಡುತ್ತಾರೆ.

9. ಇಬ್ಬರ ಮುಂದೆ ಅಭ್ಯಾಸ

ಒಬ್ಬರು ನಿಮ್ಮ ಕ್ಷೇತ್ರದವರು, ಒಬ್ಬರು ಹೊರಗಿನವರು. ಕ್ಷೇತ್ರದವರು ತಾಂತ್ರಿಕ ತಪ್ಪು ಹಿಡಿಯುತ್ತಾರೆ. ಮನೆಯವರು ಎಲ್ಲಿ ಬೇಸರವಾಯಿತು ಅಂತ ಮುಲಾಜಿಲ್ಲದೆ ಹೇಳುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಗೆಯ ಸಾಲಿಗೆ ಮುಂಚೆ ಎಷ್ಟು ವಾಕ್ಯ ಇದೆ ನೋಡಿ. ಅದರಲ್ಲಿ ಅರ್ಧ ತೆಗೆಯಬಹುದು, ಬಹುತೇಕ ಯಾವಾಗಲೂ.

10. ವೇದಿಕೆಯ ಮೇಲೆ

ನಮ್ಮ ಕಡೆ ಸಭೆ ಅಂದರೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹಾರ, ಶಾಲು, ಪೇಟ, ಅಧ್ಯಕ್ಷರ ಎರಡು ಮಾತು. ಆ ಎರಡು ಮಾತು ಎಷ್ಟಾಗುತ್ತದೆ ಅಂತ ನಿಮಗೆ ಗೊತ್ತು. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಾಚರಣೆಯಲ್ಲಿ 11 ಗಂಟೆಗೆ ಅಂತ ಹಾಕಿದ ಉಪನ್ಯಾಸ ಶುರುವಾಗುವಾಗ ಹಾಲ್ ಹೊರಗಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿರುತ್ತದೆ. ಆಗ ತಯಾರಿ ಮಾಡಿದ ಮೊದಲ ಸಾಲು ಬಿಟ್ಟುಬಿಡಿ. "ನನ್ನ ಹಿಂದೆ 42 ಸ್ಲೈಡ್ ಇದೆ. ನಿಮ್ಮ ಹಿಂದೆ ಬಿಸಿಬೇಳೆಬಾತ್ ಇದೆ. ಗೆಲ್ಲೋದು ಯಾರು ಅಂತ ನನಗೂ ಗೊತ್ತು. 20 ಸ್ಲೈಡ್ ಈಗಲೇ ತೆಗೀತೀನಿ" ಅನ್ನಿ. ಅಂದ ಮೇಲೆ ನಿಜವಾಗಿಯೂ ತೆಗೆಯಿರಿ. ತೆಗೆಯದಿದ್ದರೆ ಮುಂದೆ ನೀವು ಏನು ಹೇಳಿದರೂ ಯಾರೂ ನಗುವುದಿಲ್ಲ. ಆದ್ದರಿಂದ ಯಾವ 20 ತೆಗೆಯಬಹುದು ಅಂತ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಪ್ರೊಜೆಕ್ಟರ್ ಕೈಕೊಡುತ್ತದೆ, ಕರೆಂಟ್ ಹೋಗುತ್ತದೆ, ಕೇಬಲ್ ಹೊಂದುವುದಿಲ್ಲ. ಇವಕ್ಕೆ ಒಂದೊಂದು ಸಾಲು ಜೇಬಿನಲ್ಲಿರಲಿ. "ರಿಡಂಡೆನ್ಸಿ ಬಗ್ಗೆ ಮಾತಾಡೋಕೆ ಬಂದೆ, ಒಂದೇ ಕೇಬಲ್ ತಂದೆ" ಅನ್ನುವ ಮಾತಿಗೆ ಯಾವ ಎಂಜಿನಿಯರ್ ಸಭೆಯೂ ನಗುತ್ತದೆ (ರಿಡಂಡೆನ್ಸಿ ಅಂದರೆ ಒಂದು ಕೆಟ್ಟರೆ ಇನ್ನೊಂದು ಸಿದ್ಧವಿರುವ ಏರ್ಪಾಡು). ಆದರೆ ಕೇಬಲ್ ಸರಿಮಾಡಲು ಓಡಾಡುತ್ತಿರುವ ಹುಡುಗನ ಮೇಲೆ ಆ ಸಾಲು ಬೀಳದಂತೆ ನೋಡಿಕೊಳ್ಳಿ.

ಇನ್ನು ಪ್ರಶ್ನೋತ್ತರ. ಪ್ರಶ್ನೆ ಕೇಳಿದವರನ್ನು ಹಾಸ್ಯ ಮಾಡಬೇಡಿ, ಪ್ರಶ್ನೆ ಎಷ್ಟೇ ಸಣ್ಣದಿರಲಿ. ಒಬ್ಬರನ್ನು ನಗೆಪಾಟಲು ಮಾಡಿದರೆ ಉಳಿದವರು ಕೈ ಎತ್ತುವುದೇ ಇಲ್ಲ. ಪ್ರಶ್ನೆಯೇ ಇಲ್ಲದೆ ಐದು ನಿಮಿಷ ಮಾತಾಡುವ ಹಿರಿಯರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ ಥ್ಯಾಂಕ್ಸ್ ಹೇಳಿ, ಅವರ ಮಾತಿನಿಂದಲೇ ಒಂದು ಎಳೆ ಹಿಡಿದು ಮುಂದಿನವರ ಕಡೆ ತಿರುಗಿ. ಕೆಲವೊಮ್ಮೆ ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿ ನಿಮ್ಮ ಇಡೀ ಭಾಷಣಕ್ಕಿಂತ ಚೆನ್ನಾದ ಒಂದು ಮಾತು ಹೇಳಿ ಸಭೆಯನ್ನು ನಗಿಸಿಬಿಡುತ್ತಾನೆ. ಅದನ್ನು ಮೀರಿಸಲು ಹೋಗಬೇಡಿ. ಎಲ್ಲರ ಜೊತೆ ನಕ್ಕು, ಕಾರ್ಯಕ್ರಮ ಮುಗಿದ ಮೇಲೆ ಅವನನ್ನು ಹುಡುಕಿ, ಇದನ್ನು ಬೇರೆ ಕಡೆ ಹೇಳಬಹುದಾ ಅಂತ ಕೇಳಿ. ಒಪ್ಪಿದರೆ ಆ ನೋಟ್ಸ್ ಫೈಲಿನಲ್ಲಿ ಅವನ ಹೆಸರಿನ ಸಮೇತ ಬರೆದುಕೊಳ್ಳಿ.